ಕ್ರಿಯೆಯೋ, ಕೆಲಸವೋ?

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಹತ್ತಿ ಬಿಡಿಸುವ ಕಾಲ. ಹಗಲೆಲ್ಲ ಹೊಲದಲ್ಲಿ ನಡು ಬಗ್ಗಿಸಿ ಬಂದವರು ಸಂಜೆ ಕೈಕಾಲು ತೊಳೆದುಕೊಂಡು ಸಣ್ಣದೊಂದು ಪ್ರಾರ್ಥನಾಮಂದಿರದಲ್ಲಿ ಕೂಡಿದ್ದರು. ಅಲ್ಲಿಯ ಸಭಾಪಾಲಕರು ಒಂದು ಕಾಲಕ್ಕೆ ಮಾನ್ವಿಯಲ್ಲಿ ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಓದಿದವರು. ರಾಯಚೂರಿಗೆ ಮರಳುವ ಕೊನೆಯ ಬಸ್ಸು ತಪ್ಪಿ, ಅಂದು ಅವರ ಅತಿಥಿಯಾಗಿ ಉಳಿದಿದ್ದ ನಾನು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತಿದ್ದೆ. ಅವರು ಓದಿದ್ದು ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ. ನಂಬಿಕೆಯೊಂದಿದ್ದು ಅದಕ್ಕೆ ತಕ್ಕ ಕ್ರಿಯೆ ಇಲ್ಲವಾದರೆ ಅಂಥ ನಂಬಿಕೆ ಉಸಿರಿಲ್ಲದ ದೇಹಕ್ಕೆ ಸಮಾನ ಎಂಬ ವಾದ ಬರುವುದು ಅಲ್ಲಿಯೇ.

ಓದು ಮುಗಿಯಿತು. ಮುಂದಿನ ಸಾಲಿನಲ್ಲಿದ್ದ ವೃದ್ಧೆಯೊಬ್ಬರು ಸೆರಗು ಸರಿಪಡಿಸಿಕೊಂಡು ಕೇಳಿದರು: “ಅಯ್ಯನೋರ, ಕ್ರಿಯಾ ಅಂದ್ರ ಸತ್ತ ಮ್ಯಾಲ ಮಾಡೋದಲ್ಲೇನ್ರಿ? ಬದುಕಿದ್ದಾಗ ನಂಬಿದ್ರ, ಸತ್ತ ಮ್ಯಾಲ ಮಕ್ಕಳು ಕ್ರಿಯಾ ಮಾಡ್ಲಿಲ್ಲಂದ್ರ ನಂಬಿದ್ದೂ ಹೋಗ್ತದೇನು?”

ಯಾರೂ ನಗಲಿಲ್ಲ. ಕೆಲವರು ತಲೆಯಾಡಿಸಿದರು, ಅವರಿಗೂ ಅದೇ ಸಂಶಯವಿದ್ದಿರಬೇಕು. ಸಭಾಪಾಲಕರು ತಾಳ್ಮೆಯಿಂದ ಉತ್ತರ ಹೇಳಿದರು. ಆದರೆ ಊಟಕ್ಕೆ ಕುಳಿತಾಗ ನನ್ನ ಕಡೆ ತಿರುಗಿ, “ಸರ್, ಎಂಟು ವರ್ಷದಿಂದ ಈ ಅಧ್ಯಾಯವನ್ನು ಇಲ್ಲಿ ಓದುತ್ತಿದ್ದೇನೆ. ಎಂಟು ವರ್ಷವೂ ಇವರು ಇದನ್ನು ದಿನಕರ್ಮದ ಮಾತೆಂದೇ ಕೇಳಿಸಿಕೊಂಡಿದ್ದಾರೇನೋ” ಎಂದರು. ಆ ರಾತ್ರಿ ನಾವಿಬ್ಬರೂ ಒಂದು ಶಬ್ದವನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತೆವು. ಆ ಶಬ್ದದ ವಿಚಾರವನ್ನೇ ಇಂದು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ.

ಆ ಅಮ್ಮನ ಕಿವಿ ತಪ್ಪಿದ್ದಲ್ಲ. ಸಂಸ್ಕೃತದಲ್ಲಿಯೇ ಕ್ರಿಯಾ ಶಬ್ದಕ್ಕೆ ಅಂತ್ಯಸಂಸ್ಕಾರದ ಅರ್ಥವೂ ಉಂಟು. ಕ್ರಿಯಾಕರ್ಮ, ಉತ್ತರಕ್ರಿಯೆ ಎಂಬ ಮಾತುಗಳು ಓದುಬರಹವಿಲ್ಲದವರ ಬಾಯಲ್ಲಿಯೂ ಇವೆ. ಶಾಲೆಯಲ್ಲಿ ಕಲಿತವನಿಗೆ ಕ್ರಿಯೆ ಎಂದರೆ ಕ್ರಿಯಾಪದ ನೆನಪಾಗುತ್ತದೆ; ಮಠದ ಅಂಗಳದಲ್ಲಿ ಬೆಳೆದವನಿಗೆ ಕ್ರಿಯೆ ಮತ್ತು ಜ್ಞಾನ ಎಂಬ ಜೋಡಿ ನೆನಪಾಗುತ್ತದೆ; ಹೊಲದಲ್ಲಿ ದುಡಿದು ಬಂದ ಮುದುಕಿಗೆ ಸಾವಿನ ಮನೆ ನೆನಪಾಯಿತು. ಅದೇ ವಾಕ್ಯದಲ್ಲಿ ಸಾವಿನ ಮಾತೂ ಇದ್ದುದರಿಂದ ಅವರ ತರ್ಕ ಗಟ್ಟಿಯಾಗಿಯೇ ಇತ್ತು. ತಪ್ಪಿದ್ದರೆ ಅದು ಭಾಷಾಂತರದ ದಾರಿಯಲ್ಲಿ ಎಲ್ಲಿಯೋ ಆಗಿದ್ದು.

ಮೂಲದ ಗ್ರೀಕ್ ಶಬ್ದ ‘ಎರ್ಗೊನ್’. ನಾನು ಗ್ರೀಕ್ ಪಂಡಿತನಲ್ಲ. ಕೋಶ, ವ್ಯಾಕರಣಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲನ್ನು ತಡವುತ್ತ ಹೋಗುವವನು. ಹಾಗೆ ತಡವಿದವನಿಗೂ ಈ ಶಬ್ದ ಕೈಗೆ ಒರಟಾಗಿ ಹತ್ತುತ್ತದೆ. ಪ್ರಾಚೀನ ಗ್ರೀಕಿನಲ್ಲಿ ಇದರ ಮೊದಲಿಗೆ ಒಂದು ವಕಾರವಿತ್ತು, ‘ವೆರ್ಗೊನ್’ ಎಂದು. ಇಂಗ್ಲಿಷಿನ ವರ್ಕ್, ಜರ್ಮನಿನ ವೆರ್ಕ್ ಇದರ ದಾಯಾದಿಗಳು. ಕ್ರಿಸ್ತನಿಗೆ ಸುಮಾರು 700 ವರ್ಷ ಮೊದಲು ಹೆಸಿಯಾಡನೆಂಬ ಕವಿ ಒಂದು ಕಾವ್ಯ ಬರೆದ. ಅದರ ಹೆಸರಿನಲ್ಲಿಯೇ ಈ ಶಬ್ದವಿದೆ. ಕೆಲಸಗಳು ಮತ್ತು ದಿನಗಳು ಎಂದು ಅದರ ಅರ್ಥ. ಸೋಮಾರಿ ತಮ್ಮನೊಬ್ಬನಿಗೆ ಉಳುವುದು ಯಾವಾಗ, ಕೊಯ್ಯುವುದು ಯಾವಾಗ ಎಂದು ಬುದ್ಧಿ ಹೇಳುವ ಒಕ್ಕಲುತನದ ಕಾವ್ಯ ಅದು. ಅಲ್ಲಿ ಎರ್ಗೊನ್ ಎಂದರೆ ಮಣ್ಣಿನಲ್ಲಿ ಮಾಡಿದ ದುಡಿಮೆ.

ಈ ಬೇರಿನಿಂದ ಹುಟ್ಟಿದ ಶಬ್ದಗಳು ನಮ್ಮ ನಡುವೆಯೂ ಓಡಾಡುತ್ತಿವೆ. ಗ್ರೀಕಿನಲ್ಲಿ ‘ಗೆ’ ಎಂದರೆ ಭೂಮಿ. ಭೂಮಿಯಲ್ಲಿ ಕೆಲಸ ಮಾಡುವವನು ‘ಗೆಓರ್ಗೊಸ್’, ಅಂದರೆ ಒಕ್ಕಲಿಗ. ಆ ಹೆಸರೇ ಜಾರ್ಜ್ ಆಗಿದೆ. ಇಂಗ್ಲೆಂಡಿನ ಸಿಂಹಾಸನದ ಮೇಲೆ ಆರು ಮಂದಿ ಒಕ್ಕಲಿಗರು ಕುಳಿತುಹೋದರೆಂದು ತರಗತಿಯಲ್ಲಿ ನಾನು ತಮಾಷೆ ಮಾಡುತ್ತಿದ್ದುದುಂಟು. ‘ಖೇರ್’ ಎಂದರೆ ಕೈ. ಕೈಯಿಂದ ಕೆಲಸ ಮಾಡುವವನೆಂಬ ಮಾತು ಸವೆದು ಸವೆದು ಇಂಗ್ಲಿಷಿನಲ್ಲಿ ಸರ್ಜನ್ ಆಯಿತು. ಒಳಗಿದ್ದು ಕೆಲಸ ಮಾಡುವುದು ‘ಎನೆರ್ಗೇಯ’. ಇಂಗ್ಲಿಷಿನ ಎನರ್ಜಿ ಅದೇ. ಕೃಷ್ಣೆಯ ದಂಡೆಯಲ್ಲಿ ವಿದ್ಯುತ್ ಸ್ಥಾವರ ಕಟ್ಟಿ ಅದಕ್ಕೊಂದು ಊರು ಮಾಡಿದಾಗ ನಾವು ಶಕ್ತಿನಗರ ಎಂದು ಹೆಸರಿಟ್ಟೆವು. ಗ್ರೀಕರವನಾಗಿದ್ದರೆ ಆ ಹೆಸರಿನೊಳಗೆ ಕೆಲಸ ಎಂಬ ಮಾತನ್ನು ಉಳಿಸಿಕೊಳ್ಳುತ್ತಿದ್ದ.

ಈ ಎನೆರ್ಗೇಯದ ಬಳಿ ರಾಯಚೂರು ಸೀಮೆಯವನು ಒಂದು ಗಳಿಗೆ ನಿಲ್ಲಬೇಕು. ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರಿಕೆಯಲ್ಲಿ ಒಂದು ವಿಚಿತ್ರವಾದ ಜೋಡಿವಾಕ್ಯವಿದೆ. ಮೊದಲ ಭಾಗದಲ್ಲಿ, ನಿಮ್ಮ ಉದ್ಧಾರದ ಕೆಲಸವನ್ನು ನೀವೇ ಮಾಡಿ ಮುಗಿಸಿ ಎನ್ನುತ್ತಾನೆ. ಮರುಕ್ಷಣವೇ, ನಿಮ್ಮೊಳಗಿದ್ದು ಇಚ್ಛೆಯನ್ನೂ ಕೆಲಸವನ್ನೂ ಹುಟ್ಟಿಸುವವನು ದೇವರೇ ಎನ್ನುತ್ತಾನೆ. ಎರಡು ಕಡೆಗಳಲ್ಲಿಯೂ ಎರ್ಗೊನ್ ಬೇರಿನ ಕ್ರಿಯಾಪದಗಳೇ ಇವೆ. ಪಾಶ್ಚಾತ್ಯ ವ್ಯಾಖ್ಯಾನಕಾರರು ಇದನ್ನು ಬಿಡಿಸಲು ಪುಟಗಟ್ಟಲೆ ಬರೆದಿದ್ದಾರೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರ, ಮಾನ್ವಿಯ ಜಗನ್ನಾಥದಾಸರ ಪದಗಳನ್ನು ಕೇಳುತ್ತ ಬೆಳೆದವನಿಗೆ ಇದು ಒಗಟೇ ಅಲ್ಲ. ಜೀವನಿಗೆ ಕರ್ತೃತ್ವ ಉಂಟು, ಆದರೆ ಅದು ಸ್ವತಂತ್ರವಲ್ಲ. ಒಳಗಿದ್ದು ಮಾಡಿಸುವವನು ಬೇರೆ ಒಬ್ಬನಿದ್ದಾನೆ ಎಂಬುದು 18ನೆಯ ಶತಮಾನದಲ್ಲಿ ಈ ಊರುಗಳ ಭಜನೆಯ ಪಡಸಾಲೆಗಳಲ್ಲಿ ಹಾಡಾಗಿ ಹರಿದ ತತ್ತ್ವ. ಪೌಲನು ತನ್ನನ್ನು ‘ದೂಲೊಸ್’ ಎಂದು ಕರೆದುಕೊಂಡ. ಕನ್ನಡದವರು ಅದನ್ನು ದಾಸ ಎಂದರು. ಗ್ರೀಕ್ ಶಬ್ದಕ್ಕೆ ಕೊಂಡುತಂದ ಗುಲಾಮನೆಂಬ ಕಟುವಾದ ಅರ್ಥವಿದೆ. ನಮ್ಮ ದಾಸನ ಕೈಯಲ್ಲಿ ತಂಬೂರಿ ಇದೆ. ಭಾಷಾಂತರದಲ್ಲಿ ಬೇಡಿ ಹೋಗಿ ತಂಬೂರಿ ಬಂತು. ಇದನ್ನು ನಷ್ಟವೆನ್ನುವುದೋ ಲಾಭವೆನ್ನುವುದೋ ನನಗೆ ತಿಳಿಯದು; ಬಹುಶಃ ಎರಡೂ.

ಗ್ರೀಕಿಗೂ ರಾಯಚೂರಿಗೂ ಎಲ್ಲಿಯ ನಂಟು ಎಂದು ಯಾರಾದರೂ ಹುಬ್ಬೇರಿಸಿದರೆ ಮಸ್ಕಿಯನ್ನು ನೆನಪು ಮಾಡಬೇಕು. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರು ಹೊತ್ತ ಶಾಸನ ಬೆಳಕಿಗೆ ಬಂತು. ಅದೇ ಅರಸನ ಇನ್ನೊಂದು ಶಾಸನ 1958ರಲ್ಲಿ ಅಫಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕಿತು, ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ. ಅಲ್ಲಿ ಅಶೋಕನ ಧಮ್ಮಕ್ಕೆ ಗ್ರೀಕ್ ಭಾಷಾಂತರಕಾರನೊಬ್ಬ ‘ಎವ್ಸೆಬೇಯ’ ಎಂಬ ಶಬ್ದವನ್ನು ಆರಿಸಿಕೊಂಡ. ಮುನ್ನೂರು ವರ್ಷಗಳ ಮೇಲೆ ಅದೇ ಶಬ್ದ ಹೊಸ ಒಡಂಬಡಿಕೆಯಲ್ಲಿ ಬಂತು. ಅಲ್ಲಿಂದ ಕನ್ನಡಕ್ಕೆ ಬರುವಾಗ ಭಕ್ತಿ ಆಯಿತು. ಧಮ್ಮ ಎಂದು ಹೊರಟದ್ದು ಭಕ್ತಿ ಎಂದು ಊರು ಮುಟ್ಟಿತು! ಶಬ್ದಗಳು ಪ್ರಯಾಣ ಹೊರಟಾಗ ಹೀಗೆಯೇ. ನಡುದಾರಿಯ ಧರ್ಮಛತ್ರಗಳಲ್ಲಿ ಅವು ಬಟ್ಟೆ ಬದಲಿಸುತ್ತವೆ.

ಹಾಗಾದರೆ ಎರ್ಗೊನ್ ಕ್ರಿಯೆಯಾದದ್ದು ಹೇಗೆ? ಬೈಬಲ್ಲಿನ ಕನ್ನಡ ಅನುವಾದದ ದೊಡ್ಡ ಯತ್ನ ನಡೆದದ್ದು ನಮ್ಮ ನೆರೆಯಲ್ಲಿ, ತುಂಗಭದ್ರೆಯ ಆಚೆಯ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. ಅವರೂ ವಿಲಿಯಂ ರೀವ್ ಮೊದಲಾದವರೂ ಸೇರಿ ದುಡಿದುದರ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ರೀವ್ ಅವರೇ ಕನ್ನಡಕ್ಕೆ ಮೊದಲ ದೊಡ್ಡ ಅಚ್ಚಿನ ನಿಘಂಟುಗಳನ್ನು ಕೊಟ್ಟವರು ಎಂಬುದನ್ನು ಸಾಹಿತ್ಯಪ್ರಿಯರು ಮರೆಯಬಾರದು. ಆಗ ರಾಯಚೂರು ನಿಜಾಮರ ಸೀಮೆ. ಈಚೆಯ ಮುದಗಲ್ಲಿನಲ್ಲಿ ಕ್ಯಾಥೊಲಿಕರ ನೆಲೆ ಶತಮಾನಗಳಷ್ಟು ಹಳೆಯದು. ಆದರೆ ಪುಸ್ತಕವಾಗಿ ಬೈಬಲ್ ನಮ್ಮ ಹಳ್ಳಿಗಳಿಗೆ ಬಂದದ್ದು ಆಚೆಯ ದಂಡೆಯ ಈ ಕನ್ನಡದ ಪರಂಪರೆಯಲ್ಲಿ, ಅನಂತರದ ಪರಿಷ್ಕರಣಗಳನ್ನು ಹೊತ್ತುಕೊಂಡು.

ಆ ಅನುವಾದಕರ ಎದುರಿಗಿದ್ದ ಕಷ್ಟವನ್ನು ನಾವು ಹಗುರಾಗಿ ಕಾಣಬಾರದು. ಅತ್ಯಂತ ಸಹಜವಾಗಿ ಕೈಗೆ ಬರುವ ಶಬ್ದ ಕರ್ಮ. ಅದನ್ನು ಅವರು ಮುಟ್ಟುವಂತಿರಲಿಲ್ಲ. ಕರ್ಮ ಎಂದೊಡನೆ ಹಿಂದಿನ ಜನ್ಮ ಮುಂದಿನ ಜನ್ಮಗಳು, ಸಂಚಿತ ಪ್ರಾರಬ್ಧಗಳು ಒಂದರ ಹಿಂದೊಂದು ಬರುತ್ತವೆ. ಅದು ಸಾಲದೆಂಬಂತೆ ಹಣೆ ಚಚ್ಚಿಕೊಂಡು ‘ನನ್ನ ಕರ್ಮ’ ಎನ್ನುವ ಮನೆಮಾತಿನ ಕರ್ಮವೂ ಇದೆ. ಅಲ್ಲಿ ಕರ್ಮವೆಂದರೆ ನಾವು ಮಾಡಿದ್ದಲ್ಲ, ನಮಗೆ ಒದಗಿದ್ದು. ಯಾಕೋಬನಿಗೆ ಬೇಕಾದ ಅರ್ಥಕ್ಕೆ ಇದು ಪೂರ್ತಿ ಎದುರು. ಕೆಲಸ ಎಂಬುದು ದೇವರ ಗ್ರಂಥಕ್ಕೆ ತೀರ ಸಾಮಾನ್ಯವೆಂದು ತೋರಿರಬೇಕು. ಅವರ ಪಕ್ಕದಲ್ಲಿ ಕುಳಿತ ಮುನ್ಷಿಗಳು ಗೌರವದ ಮಾತೆಂದರೆ ಸಂಸ್ಕೃತದ ಮಾತೇ ಎಂದು ಬಗೆದ ಕಾಲ ಅದು. ಹೀಗೆ ನಡುದಾರಿಯಾಗಿ ಕ್ರಿಯೆ ಬಂತು, ಸತ್ಕ್ರಿಯೆ ಬಂತು. ಪಂಡಿತರ ಕಿವಿಗೆ ಅದು ಒಪ್ಪುವ ಮಾತೇ. ಅದು ಯಾರ ಕಿವಿಗೆ ಬೀಳಲಿದೆ ಎಂಬುದನ್ನು ಬಳ್ಳಾರಿಯಲ್ಲಿ ಕುಳಿತು ಊಹಿಸುವುದು ಸುಲಭವಿರಲಿಲ್ಲ.

ಇನ್ನೊಂದು ಗ್ರೀಕ್ ಶಬ್ದದ ಗತಿಯಂತೂ ವಿನೋದಕರವಾಗಿದೆ. ಹೊಸ ಒಡಂಬಡಿಕೆಯ ಐದನೆಯ ಪುಸ್ತಕಕ್ಕೆ ಗ್ರೀಕಿನಲ್ಲಿ ‘ಪ್ರಾಕ್ಸೇಯ್ಸ್’ ಎಂದು ಹೆಸರು. ‘ಪ್ರಾಕ್ಸಿಸ್’ ಎಂಬುದರ ಬಹುವಚನ ಅದು. ಪುಸ್ತಕ ಬರೆದ ಲೂಕನು ಇಟ್ಟ ಹೆಸರಲ್ಲ, ಎರಡನೆಯ ಶತಮಾನದಲ್ಲಿ ರೂಢಿಗೆ ಬಂದದ್ದು. ವೀರರ, ಅರಸರ ಸಾಹಸಕಥನಕ್ಕೆ ಗ್ರೀಕರು ಹಾಗೆ ಹೆಸರಿಡುತ್ತಿದ್ದರು. ನಮ್ಮವರು ವಿಜಯ, ಚರಿತೆ ಎನ್ನುವಂತೆ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಅದು ‘ಅಪೊಸ್ತಲರ ಕೃತ್ಯಗಳು’. ಇಂದಿನ ಪತ್ರಿಕೆ ಓದುವವನಿಗೆ ಕೃತ್ಯ ಎಂದರೆ ಪೊಲೀಸರು ಭೇದಿಸುವ ವಸ್ತು. ಹೇಯ ಕೃತ್ಯ, ದುಷ್ಕೃತ್ಯ, ಕೃತ್ಯ ಎಸಗಿದವರು ಪರಾರಿ! ಪಾಪ, ಅಪೊಸ್ತಲರು ಏನು ಮಾಡಿದರೋ ಎಂದು ಹೊಸ ಓದುಗ ಗಾಬರಿಯಾದರೆ ಆಶ್ಚರ್ಯವಿಲ್ಲ. ಈಚಿನ ಸರಳ ಅನುವಾದದಲ್ಲಿ ಅದು ‘ಪ್ರೇಷಿತರ ಕಾರ್ಯಕಲಾಪಗಳು’ ಆಗಿದೆ. ಈಗ ಅಪೊಸ್ತಲರು ಠಾಣೆಯಿಂದ ಹೊರಬಂದು ವಿಧಾನಸಭೆಯಲ್ಲಿ ಕುಳಿತಂತೆ ಕೇಳಿಸುತ್ತದೆ. ಆದರೆ ಒಂದು ಸೋಜಿಗವನ್ನೂ ಹೇಳಬೇಕು. ಶೀರ್ಷಿಕೆಯನ್ನು ಬಿಟ್ಟರೆ ಪ್ರಾಕ್ಸಿಸ್ ಶಬ್ದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಆರೇ ಸಲ. ಅದರಲ್ಲಿ ನಾಲ್ಕು ಸಲ ಕೆಟ್ಟ ಕೆಲಸ ಎಂಬ ಅರ್ಥದಲ್ಲಿಯೇ. ಕನ್ನಡದ ಕೃತ್ಯ ತಾನಾಗಿಯೇ ಆ ಕಡೆಗೆ ಜಾರಿ ಮೂಲವನ್ನು ಮುಟ್ಟಿದೆ, ಶೀರ್ಷಿಕೆಯನ್ನು ಮಾತ್ರ ಕೆಡಿಸಿದೆ.

ಎರ್ಗೊನ್ ಹಾಗಲ್ಲ. ಅದು 169 ಸಲ ಬರುತ್ತದೆ. ಯಾಕೋಬನ ಎರಡನೆಯ ಅಧ್ಯಾಯದ ಕೊನೆಯ ಹದಿಮೂರು ವಚನಗಳಲ್ಲಿಯೇ ಹನ್ನೆರಡು ಸಲ. ಕಮ್ಮಾರ ಒಂದೇ ಕಡೆ ಸುತ್ತಿಗೆ ಹಾಕಿದಂತೆ ಅವನು ಅದನ್ನು ಬಡಿಯುತ್ತಾನೆ. ಮಾರ್ಟಿನ್ ಲೂಥರನಿಗೆ ಈ ಬಡಿತ ಹಿಡಿಸಲಿಲ್ಲ. ನಂಬಿಕೆಯೊಂದರಿಂದಲೇ ಮೋಕ್ಷ ಎಂದು ಸಾರಿದ ಅವನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಶಬ್ದವನ್ನು ತನ್ನ ಜರ್ಮನಿಗೆ ಸೇರಿಸಿದ. 1522ರ ಮುನ್ನುಡಿಯಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದ. ಹುಲ್ಲೆಂದು ಕಡೆಗಣಿಸುವುದು ಜರ್ಮನಿಯಲ್ಲಿ ನಡೆದೀತು. ದನಕ್ಕೆ ಮೇವಿಲ್ಲದೆ ಬೇಸಿಗೆ ಕಳೆದವರ ನಾಡಿನಲ್ಲಿ ಹುಲ್ಲು ಅಷ್ಟು ಹಗುರವಾದ ಉಪಮಾನವಲ್ಲ.

ಯಾಕೋಬನ ಎರ್ಗೊನ್ ಎಂಥದು? ಆ ಅಧ್ಯಾಯದ ಮೊದಲಿನಲ್ಲಿ ಅವನು ಒಂದು ದೃಶ್ಯವನ್ನು ಇಡುತ್ತಾನೆ. ಸಭೆಗೆ ಇಬ್ಬರು ಬರುತ್ತಾರೆ: ಚಿನ್ನದ ಉಂಗುರದವನು ಒಬ್ಬ, ಕೊಳಕು ಬಟ್ಟೆಯ ಬಡವ ಇನ್ನೊಬ್ಬ. ಉಂಗುರದವನಿಗೆ ಒಳ್ಳೆಯ ಪೀಠ; ಬಡವನಿಗೆ ಅಲ್ಲೇ ನಿಲ್ಲು, ಇಲ್ಲವೇ ಕಾಲ ಹತ್ತಿರ ಕುಳಿತುಕೋ ಎಂಬ ಅಪ್ಪಣೆ. ಮುಂದೆ ಇನ್ನೊಂದು ದೃಶ್ಯ. ಮೈಮೇಲೆ ಬಟ್ಟೆಯಿಲ್ಲದೆ, ಅಂದಿನ ಅನ್ನಕ್ಕೂ ಗತಿಯಿಲ್ಲದೆ ಬಂದ ಸೋದರನಿಗೋ ಸೋದರಿಗೋ ಒಬ್ಬನು ‘ಸುಖವಾಗಿರು, ಬೆಚ್ಚಗಿರು, ಹೊಟ್ಟೆತುಂಬ ಉಣ್ಣು’ ಎಂದು ಹರಸಿ ಕಳಿಸುತ್ತಾನೆ, ಕೊಡುವುದೇನನ್ನೂ ಇಲ್ಲ. ಎರ್ಗೊನ್ ಇಲ್ಲವೆಂದರೆ ಇದು. ರೊಟ್ಟಿ, ಕಂಬಳಿ. ಕ್ರಿಯೆ ಎಂಬ ಶಬ್ದದಲ್ಲಿ ರೊಟ್ಟಿಯ ವಾಸನೆ ಬರುವುದಿಲ್ಲ ಎಂಬುದೇ ನನ್ನ ತಕರಾರು.

ಆ ರಾತ್ರಿ ಇಷ್ಟರ ತನಕ ಬಂದಾಗ ನನಗೆ ಬಹಳ ಹುರುಪಾಯಿತು. “ಕಾಯಕ ಎಂದುಬಿಡಿ” ಎಂದೆ. ಇದಕ್ಕಿಂತ ಒಳ್ಳೆಯ ಶಬ್ದ ಬೇರೊಂದಿದೆಯೆ? ಕೆಲಸ ಪೂಜೆಯಾಗುವುದು ಗ್ರೀಕರಿಗೂ ಗೊತ್ತಿತ್ತು. ಅಥೆನ್ಸಿನ ಸಿರಿವಂತರು ತಮ್ಮ ಹಣದಿಂದ ಯುದ್ಧದ ಹಡಗನ್ನು ಸಜ್ಜುಗೊಳಿಸುವುದು, ನಾಟಕದ ಮೇಳವನ್ನು ಸಾಕುವುದು ಇವೆಲ್ಲ ‘ಲೇತೂರ್ಗಿಯ’, ಅಂದರೆ ಜನರ ಕೆಲಸ. ಸೋಫೋಕ್ಲೀಸನ ನಾಟಕಗಳು ರಂಗವೇರಿದ್ದು ಇಂಥ ಏರ್ಪಾಟಿನಿಂದ. ಅದರೊಳಗೂ ಎರ್ಗೊನ್ ಇದೆ. ಅದೇ ಶಬ್ದ ಮುಂದೆ ದೇವಾಲಯದ ಸೇವೆಯಾಗಿ, ಕ್ರೈಸ್ತರ ಆರಾಧನೆಯ ವಿಧಿಯಾಗಿ, ಇಂಗ್ಲಿಷಿನಲ್ಲಿ ಲಿಟರ್ಜಿಯಾಗಿ ನಿಂತಿತು. ಪೌಲನು ಬಡವರಿಗಾಗಿ ಎತ್ತಿದ ಚಂದಾಹಣಕ್ಕೂ ಇದೇ ಹೆಸರು ಕೊಟ್ಟ. ನಮ್ಮ ದಾಸೋಹದ ಹೊಸ್ತಿಲಿಗೇ ಬಂದು ನಿಂತ ಎನ್ನಬೇಕು. ಇನ್ನು ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತನ್ನು ಬಹುಮಂದಿ ಬಸವಣ್ಣನವರದೆಂದು ತಿಳಿದಿದ್ದಾರೆ. ಅದು ಆಯ್ದಕ್ಕಿ ಮಾರಯ್ಯನದು. ಮಾರಯ್ಯ, ಲಕ್ಕಮ್ಮ ದಂಪತಿಗಳ ಊರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಉಣಬಡಿಸಿ ಬಾಳಿದವರು. ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಪಾಲಿನದಲ್ಲ, ಆಸೆಯದು, ಚೆಲ್ಲಿ ಬಾ ಎಂದು ಹಿಂದಕ್ಕೆ ಕಳಿಸಿದ ಹೆಂಗಸು ಲಕ್ಕಮ್ಮ. ಹೊಲದಲ್ಲಿ ಹಕ್ಕಲು ಆಯುವವರನ್ನು ಬೈಬಲ್ಲೂ ಬಲ್ಲದು. ಇಂಥ ನೆಲದಲ್ಲಿ ಎರ್ಗೊನ್‌ಗೆ ಶಬ್ದ ಹುಡುಕಿಕೊಂಡು ಸಂಸ್ಕೃತದ ಮನೆಗೆ ಏಕೆ ಹೋಗಬೇಕು?

ಸಭಾಪಾಲಕರು ತಲೆ ತಗ್ಗಿಸಿ ಕೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: “ಸರ್, ನಿಮಗೆ ಕಾಯಕ ಅಂದರೆ ಕಲ್ಯಾಣ ನೆನಪಾಗ್ತದೆ. ನಮ್ಮ ಅಜ್ಜನಿಗೆ ನೆನಪಾಗ್ತಿದ್ದದ್ದು ಸತ್ತ ದನ ಎಳೆಯೋದು. ‘ಅದು ನಿನ್ನ ಕಾಯಕ, ಮಾಡು’ ಅಂತಲೇ ಊರವರು ಹೇಳ್ತಿದ್ದರು. ಒಲ್ಲೆ ಅಂದ ದಿನ ಬಾರುಕೋಲು ಬಂತು. ಇಲ್ಲಿ ಕೂತವರಲ್ಲಿ ಹೆಚ್ಚಿನವರ ಮನೆಯ ಕತೆ ಅದೇ.”

ನಾನು ಮೂವತ್ತು ವರ್ಷ ತರಗತಿಗಳಲ್ಲಿ ಕಾಯಕ ಶಬ್ದವನ್ನು ಕನ್ನಡದ ಅತ್ಯಂತ ಬೆಳಕಿನ ಶಬ್ದವೆಂದು ಪಾಠ ಹೇಳಿದವನು. ಆ ಪಾಠ ಸುಳ್ಳಲ್ಲ. ಹುಟ್ಟಿನ ಕಸುಬಿಗೆ ಅಂಟಿದ ಮೇಲುಕೀಳನ್ನು ಒರೆಸಲೆಂದೇ ಶರಣರು ಆ ಶಬ್ದವನ್ನು ಕಡೆದರು. ಮಾದಾರ ಚೆನ್ನಯ್ಯನೂ ಹರಳಯ್ಯನೂ ಆ ಬೆಳಕಿನಲ್ಲಿಯೇ ನಿಂತವರು. ಆದರೆ ಶಬ್ದದ ಅರ್ಥವನ್ನು ಅದನ್ನು ಕಡೆದವರಷ್ಟೇ ತೀರ್ಮಾನಿಸುವುದಿಲ್ಲ; ಅದನ್ನು ಆಮೇಲೆ ಯಾರ ಮೇಲೆ ಪ್ರಯೋಗಿಸಲಾಯಿತೋ ಅವರ ಬೆನ್ನೂ ತೀರ್ಮಾನಿಸುತ್ತದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಈ ಹುಡುಗ ನನ್ನ ಕಾಯಕದ ಪಾಠವನ್ನು ಹೇಗೆ ಕೇಳಿಸಿಕೊಂಡಿರಬೇಕೆಂದು ನಾನು ಎಂದೂ ಯೋಚಿಸಿರಲಿಲ್ಲ. ಅಂದು ರಾತ್ರಿ ಯೋಚಿಸಿದೆ. ನಿದ್ದೆ ತಡವಾಗಿ ಬಂತು.

ಅವರ ಅಜ್ಜ ಮಾಡಿದ್ದಕ್ಕೆ ಗ್ರೀಕಿನಲ್ಲಿ ಬೇರೆಯೇ ಶಬ್ದವಿದೆ. ಪರ್ಷಿಯಾದ ಅರಸರ ಅಂಚೆಯ ಏರ್ಪಾಟಿನಿಂದ ಬಂದ ‘ಅಂಗರೆವೋ’ ಎಂಬ ಕ್ರಿಯಾಪದ: ದಾರಿಯಲ್ಲಿ ಹೋಗುವವನನ್ನು ಹಿಡಿದು ಹೊರೆ ಹೊರಿಸುವುದು. ಕುರೇನ್ಯದ ಸೀಮೋನನ ಹೆಗಲ ಮೇಲೆ ಶಿಲುಬೆಯನ್ನು ಹೊರಿಸಿದ ಕಡೆಯಲ್ಲಿ ಅದೇ ಶಬ್ದವಿದೆ. ಕನ್ನಡದಲ್ಲಿ ಅದಕ್ಕೆ ಬಿಟ್ಟಿ ಎಂಬುದಕ್ಕಿಂತ ನೆಟ್ಟನೆಯ ಮಾತಿಲ್ಲ. ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಎರಡು ಸಾವಿರ ವರ್ಷದ ಗ್ರೀಕ್ ಶಬ್ದಕ್ಕೆ ನಮ್ಮಲ್ಲಿ ಬದುಕಿದ ಅರ್ಥ ಮೊನ್ನೆಮೊನ್ನೆಯವರೆಗೂ ಇತ್ತೆಂದಾಯಿತು. ಎರ್ಗೊನ್ ಅನ್ನು ಭಾಷಾಂತರಿಸುವವನು ಈ ಬಿಟ್ಟಿಯ ನೆರಳು ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕಾಗಿತ್ತು.

ನಡೆ ಎಂಬುದನ್ನು ಯೋಚಿಸಿದೆವು. ನುಡಿಗೆ ಎದುರಾಗಿ ನಡೆ, ಚೆಲುವಾದ ಜೋಡಿ. ಆದರೆ ನಡೆ ಎಂದರೆ ಮನುಷ್ಯನ ಗುಣದ ಮಾತಾಗುತ್ತದೆ. ಒಳ್ಳೆಯ ನಡೆಯವನು ರೊಟ್ಟಿ ಕೊಡದೆಯೂ ಇರಬಹುದು. ಉತ್ತರ ಕರ್ನಾಟಕದಲ್ಲಿ ಕೇಳಿಬರುವ ದಗದ ಎಂಬ ಮಾತು ನನಗೆ ಬಹಳ ಪ್ರಿಯ. ಆದರೆ ಅದರಲ್ಲಿ ಕಿರಿಕಿರಿಯ ದನಿ ಹೆಚ್ಚು. ದುಡಿಮೆ ಎಂದರೆ ಸಂಬಳ, ಗಳಿಕೆ ಹತ್ತಿರ ಬರುತ್ತವೆ. ಕೊನೆಗೆ ನಾವು ಬಂದು ನಿಂತದ್ದು ಕೆಲಸದ ಬಳಿಗೆ. ಅದೂ ಪೂರ್ತಿ ನಿರ್ಮಲವಾದ ಶಬ್ದವಲ್ಲ. ಕೆಲಸಿ ಎಂದರೆ ಕನ್ನಡದಲ್ಲಿ ಕ್ಷೌರಿಕ, ಅಲ್ಲಿಯೂ ಜಾತಿಯ ಬೆರಳಚ್ಚಿದೆ. ಆದರೆ ಕೆಲಸವನ್ನು ಎಲ್ಲರೂ ಮಾಡುತ್ತಾರೆ. ಕಲೆಕ್ಟರರೂ ಕೆಲಸಕ್ಕೆ ಹೋಗುತ್ತಾರೆ, ಕಳೆ ಕೀಳುವವಳೂ ಕೆಲಸಕ್ಕೆ ಹೋಗುತ್ತಾಳೆ. ಕ್ರಿಯೆ ಮಾಡಲು ಪುರೋಹಿತ ಬೇಕು, ಕೆಲಸಕ್ಕೆ ಕೈ ಸಾಕು.

ಕೆಲಸವನ್ನು ಒಪ್ಪಿಕೊಂಡ ಮೇಲೆ ಒಂದು ಅನಿರೀಕ್ಷಿತ ಲಾಭ ಸಿಕ್ಕಿತು. ಆ ಅಧ್ಯಾಯದ ಇಪ್ಪತ್ತನೆಯ ವಚನದಲ್ಲಿ, ಪ್ರಾಚೀನ ಹಸ್ತಪ್ರತಿಗಳ ಪಾಠದಂತೆ, ಯಾಕೋಬನು ಒಂದು ಶ್ಲೇಷೆಯನ್ನು ಮಾಡಿದ್ದಾನೆ. ಎರ್ಗೊನ್ ಇಲ್ಲದ ನಂಬಿಕೆ ‘ಅರ್ಗೆ’ ಎನ್ನುತ್ತಾನೆ. ಅರ್ಗೆ ಎಂದರೆ ‘ಅ-ಎರ್ಗೆ’, ಕೆಲಸವಿಲ್ಲದ್ದು, ಬರಡು. ಇಂಗ್ಲಿಷಿನಲ್ಲಿ ಈ ಶ್ಲೇಷೆ ಉಳಿಸಲು ಅನುವಾದಕರು ತಿಣುಕುತ್ತಾರೆ. ಕನ್ನಡದಲ್ಲಿ ಅದು ಕಾದು ಕುಳಿತಿತ್ತು: ಕೆಲಸವಿಲ್ಲದ ನಂಬಿಕೆ ಕೆಲಸಕ್ಕೆ ಬಾರದು! ಸಭಾಪಾಲಕರು ಎದ್ದು ನಿಂತು ಇದನ್ನು ಎರಡು ಸಲ ಗಟ್ಟಿಯಾಗಿ ಹೇಳಿನೋಡಿದರು. ಒಳಗೆ ಮಲಗಿದ್ದ ಮಕ್ಕಳು ಎಚ್ಚರಗೊಂಡವು.

ಈ ಅರ್ಗೊಸ್ ಎಂಬ ಮಾತಿನಲ್ಲಿ ಇನ್ನೊಂದು ಎಚ್ಚರವೂ ಅಡಗಿದೆ. ದ್ರಾಕ್ಷಿತೋಟದ ಕೂಲಿಗಳ ಕತೆಯನ್ನು ಅನೇಕರು ಬಲ್ಲಿರಿ. ಯಜಮಾನ ಪೇಟೆಗೆ ಹೋದಾಗ ಇಳಿಹೊತ್ತಿನಲ್ಲಿಯೂ ಅಲ್ಲಿ ‘ಅರ್ಗೊಯ್’ ಕೆಲವರು ನಿಂತಿದ್ದಾರೆ. ಅವರನ್ನು ಸೋಮಾರಿಗಳೆಂದು ಭಾಷಾಂತರಿಸಿದರೆ ಘೋರ ಅನ್ಯಾಯವಾಗುತ್ತದೆ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದು ಅವರೇ ಹೇಳುತ್ತಾರಲ್ಲ. ಬೆಳಗಿನ ಹೊತ್ತು ಬುತ್ತಿಗಂಟು ಕಟ್ಟಿಕೊಂಡು ಪಟ್ಟಣದ ವೃತ್ತಗಳಲ್ಲಿ ಕರೆಯುವವರಿಗಾಗಿ ಕಾಯುವವರನ್ನು ನೋಡಿದವರಿಗೆ, ದೇವದುರ್ಗ, ಮಾನ್ವಿಗಳಿಂದ ಮಕ್ಕಳುಮರಿ ಸಮೇತ ಗುಳೆ ಹೊರಟವರ ಬಸ್ಸನ್ನು ನೋಡಿದವರಿಗೆ ಆ ಶಬ್ದದ ಅರ್ಥ ಹೇಳಿಕೊಡಬೇಕಾಗಿಲ್ಲ. ಯಾಕೋಬನೂ ತನ್ನ ಕೊನೆಯ ಅಧ್ಯಾಯದಲ್ಲಿ ಹೊಲ ಕೊಯ್ದವರ ಹಿಡಿದಿಟ್ಟ ಕೂಲಿಯೇ ಧಣಿಗಳ ವಿರುದ್ಧ ಕೂಗುತ್ತದೆ ಎಂದಿದ್ದಾನೆ. ಅಲ್ಲಿ ಆಳುಗಳಿಗೆ ಅವನು ಬಳಸುವ ಮಾತು ‘ಎರ್ಗಾತಯ್’: ಎರ್ಗೊನ್ ಮಾಡುವವರು. ನಂಬಿಕೆಯ ಎರ್ಗೊನ್, ಕೂಲಿಯ ಎರ್ಗೊನ್ ಎರಡೂ ಒಂದೇ ಪತ್ರಿಕೆಯಲ್ಲಿ ಒಂದೇ ಬೇರಿನಿಂದ ಬಂದಿವೆ. ಕ್ರಿಯೆ ಒಂದು ಕಡೆ, ಕೂಲಿ ಆಳು ಇನ್ನೊಂದು ಕಡೆ ಎಂದು ಭಾಷಾಂತರಿಸಿದಾಗ ಈ ನಂಟು ಕಡಿದುಹೋಗುತ್ತದೆ.

ಸಾಹಿತ್ಯದವರಿಗಾಗಿ ಒಂದು ಮಾತು. ಕೇಳುವವರಾಗಿ ಮಾತ್ರ ಇರಬೇಡಿ, ಮಾಡುವವರಾಗಿರಿ ಎಂದು ಅದೇ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಒಂದು ಉಪದೇಶವಿದೆ. ಮಾಡುವವನಿಗೆ ಅಲ್ಲಿ ಇರುವ ಗ್ರೀಕ್ ಶಬ್ದ ‘ಪೊಯೆತೇಸ್’. ಕವಿಗೂ ಗ್ರೀಕಿನಲ್ಲಿ ಅದೇ ಶಬ್ದ. ಮಾತನ್ನು ಮಾಡುವವನು ಕವಿಯಾದರೆ, ಮಾತಿನಂತೆ ಮಾಡುವವನೂ ಕವಿಯೇ ಎಂದಾಯಿತು. ಕೇಳುವವರನ್ನು ಕುರಿತ ಭಾಗವನ್ನು ಬಾನುಲಿಯಲ್ಲಿ ಹೆಚ್ಚು ಒತ್ತಿಹೇಳುವುದು ವಿವೇಕವಲ್ಲ.

ಆ ಅಧ್ಯಾಯವನ್ನು ನಾವು ಕೈಬರಹದಲ್ಲಿ ಹೊಸದಾಗಿ ಬರೆದುಕೊಂಡೆವು. ಜೋಳದ ರಾಶಿ ಮುಗಿದ ಮೇಲೆ ಅದೇ ಹಳ್ಳಿಯಲ್ಲಿ ಅದನ್ನು ಓದಿದಾಗ ನಾನು ಬೇಕೆಂದೇ ಹೋಗಿದ್ದೆ. ಮೊದಲು ನಾನು ಹುಡುಕಿದ್ದು ಆ ಅಮ್ಮನನ್ನು. ಅವರು ಇರಲಿಲ್ಲ. ಮಗ ಸೊಸೆಯ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಅಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದಾರೆಂದು ತಿಳಿಯಿತು. ಓದು ಕೇಳಿದ ಮಂದಿ ಕೆಲಸಕ್ಕೆ ಬಾರದು ಎಂಬ ಕಡೆಯಲ್ಲಿ ನಕ್ಕರು. ಕಂಬಳಿ, ರೊಟ್ಟಿಯ ಕಡೆಯಲ್ಲಿ ನಗಲಿಲ್ಲ. ಕಾಲೇಜಿಗೆ ಹೋಗುವ ತರುಣನೊಬ್ಬ ಎದ್ದು, “ಪೌಲ ಬ್ಯಾರೆ ಹೇಳ್ತಾನಲ್ರಿ? ಕೆಲಸದಿಂದ ಏನೂ ಆಗಂಗಿಲ್ಲ ಅಂತ?” ಎಂದು ಕೇಳಿಯೇಬಿಟ್ಟ.

ತೊಡಕು ಇರುವುದು ಅಲ್ಲಿಯೇ. ಪೌಲನು ತಳ್ಳಿಹಾಕುವ ಎರ್ಗೊನ್ ಧರ್ಮಶಾಸ್ತ್ರದ ಎರ್ಗೊನ್: ಸುನ್ನತಿ, ಉಣ್ಣುವ ತಿನ್ನುವ ಕಟ್ಟಳೆಗಳು. ಹಳೆಯ ಅನುವಾದಕರು ಅಂಥ ಕಡೆ ನೇಮ ಎಂಬ ಮಾತಿನ ಕಡೆಗೆ ವಾಲಿದ್ದು ಜಾಣತನವೇ. ಆದರೆ ಹಾಗೆ ಮಾಡಿದರೆ ಪೌಲ, ಯಾಕೋಬರು ಒಂದೇ ಶಬ್ದವನ್ನು ಹಿಡಿದು ಜಗ್ಗಾಡುತ್ತಿದ್ದಾರೆಂಬುದು ಕನ್ನಡಿಗನಿಗೆ ಕಾಣುವುದೇ ಇಲ್ಲ. ಎರಡು ಕಡೆಯೂ ಕೆಲಸ ಎಂದರೆ ದುಡಿಯುವವರ ಕೆಲಸವನ್ನೇ ಪೌಲನು ಹಳಿದಂತಾಗುತ್ತದೆ. ನನ್ನ ಪ್ರತಿಯಲ್ಲಿ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡೂ ಶಬ್ದಗಳನ್ನು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಬೆಂಗಳೂರಿಗೆ ಹೋದವರು ಯುಗಾದಿಗೆ ಊರಿಗೆ ಬರುತ್ತಾರಂತೆ. ಅಷ್ಟರೊಳಗೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯ ಮುಗಿಯಬೇಕೆಂದು ಸಭಾಪಾಲಕರು ವಾರಕ್ಕೆರಡು ಸಲ ಮಾನ್ವಿಯಿಂದ ಫೋನು ಮಾಡುತ್ತಿದ್ದಾರೆ.